ಡೀಸೆಲ್ ಇಲ್ಲದ ಸೋಮವಾರ

ಭೂಮಿಯನ್ನು ಉಳಿಸಬೇಕು, ಅದೂ ತಮ್ಮ ಅವಧಿ ಮುಗಿಯುವುದರೊಳಗೇ ಉಳಿಸಿಬಿಡಬೇಕು ಎಂದು ಮಡಿವಾಳಯ್ಯನವರು ಪಣ ತೊಟ್ಟದ್ದು ಕಲಬುರಗಿಯಿಂದ ಊರಿಗೆ ಬರುವ ಬಸ್ಸಿನಲ್ಲಿ. ಸೇಡಂ ಕಡೆಯ ಒಂದು ಸಣ್ಣ ಊರಿನ ಪಂಚಾಯತಿ ಅಧ್ಯಕ್ಷರು ಅವರು. ಕಿರಾಣಿ ಅಂಗಡಿ ಕಸುಬು, ಭಾಷಣ ಚಟ. ಹವಾಮಾನ ಬದಲಾವಣೆಯ ಮೇಲೆ ಎರಡು ದಿನದ ತರಬೇತಿ ಮುಗಿಸಿ ಬರುತ್ತಿದ್ದರು. ಭೂಮಿಯೊಳಗಿನ ಎಣ್ಣೆ ಮುಗಿಯುತ್ತ ಬಂದಿದೆ, ಊರೂರಿನ ಪಂಚಾಯತಿಗಳೇ ಮೊದಲು ಎಚ್ಚೆತ್ತುಕೊಳ್ಳಬೇಕು ಎಂದು ಅಲ್ಲಿ ಹೇಳಿದ್ದರು. ಯಾವ ಪಂಚಾಯತಿ ಮಾದರಿ ಕೆಲಸ ಮಾಡುತ್ತದೋ ಅದರ ಅಧ್ಯಕ್ಷರನ್ನು ಜಿಲ್ಲಾ ಸಮಾವೇಶದಲ್ಲಿ ವೇದಿಕೆಯ ಮೇಲೆ ಕೂರಿಸುತ್ತೇವೆ ಎಂದೂ ಹೇಳಿದ್ದರು. ಮಡಿವಾಳಯ್ಯನವರಿಗೆ ಮೊದಲನೆಯ ಮಾತು ಕಿವಿಗೆ ಹೋಯಿತು, ಎರಡನೆಯದು ಎದೆಗೇ ಹೋಯಿತು. ಬಸ್ಸಿಳಿದವರು ಸೀದಾ ದರ್ಜಿಯ ಬಳಿ ಹೋಗಿ ಹೊಸ ಜುಬ್ಬಕ್ಕೆ ಅಳತೆ ಕೊಟ್ಟು ಬಂದರು.

ಮರುದಿನವೇ ಸಭೆ. ಇನ್ನು ಮುಂದೆ ಪ್ರತಿ ಸೋಮವಾರ ಪಂಚಾಯತಿಯ ಟ್ರ್ಯಾಕ್ಟರ್ ಹೊರಗೆ ತೆಗೆಯುವುದಿಲ್ಲ; ಕುಡಿಯುವ ನೀರು ಅವತ್ತು ಎತ್ತಿನ ಬಂಡಿಯಲ್ಲಿ ಬರತಕ್ಕದ್ದು ಎಂದು ಠರಾವು. ಬರೆದುಕೊಂಡ ಅಭಿವೃದ್ಧಿ ಅಧಿಕಾರಿ ಅಜಯಕುಮಾರ ಮಂಗಳೂರು ಕಡೆಯವನು, ಬಂದು ಎರಡು ತಿಂಗಳಾಗಿತ್ತು, ಇಲ್ಲಿಯ ರೂಢಿ ಅವನಿಗೆ ಗೊತ್ತಿರಲಿಲ್ಲ. ಸದಸ್ಯರು ಓದುವುದರೊಳಗೆ ಬಿಸಿ ಭಜಿ ಬಂತು. ಭಜಿ ಆರಿಹೋದೀತೆಂದು ಎಲ್ಲರೂ ಬೇಗ ಸಹಿ ಹಾಕಿದರು.

ಮನೆಯಲ್ಲಿ ಹೆಂಡತಿ ಸೂಗಮ್ಮನ ಮುಂದೆ ಠರಾವಿನ ಪ್ರತಿ ಹಿಡಿದು ನಿಂತರು. "ಸೋಮವಾರ ಟ್ರ್ಯಾಕ್ಟರ್ ಬಂದ್. ಜಿಲ್ಲಾ ಪಂಚಾಯತಿ ದೊಡ್ಡ ಸಾಹೇಬರೇ ನೋಡ್ಲಿಕ್ಕ ಬರ್ತಾರ."

"ಮತ್ತ ನೀರು ಹ್ಯಾಂಗ್ ತರ್ತೀರಿ?"

"ಅದು ಆಡಳಿತದ ವಿಚಾರ. ನಿನಗ ತಿಳಿಯಾಂಗಿಲ್ಲ."

ತಿಳಿಯದ ಸೂಗಮ್ಮ ರೊಟ್ಟಿ ಬಡಿಯತೊಡಗಿದಳು.

ಮಡಿವಾಳಯ್ಯನವರು ಊರಲ್ಲೇ ಚಂದದ ಜೋಡೆತ್ತುಗಳಿದ್ದ ಕಲ್ಯಾಣಪ್ಪನಿಗೂ ಮೊದಲೇ ಹೇಳಿಟ್ಟಿದ್ದರು. ಸಾಹೇಬರು ಬಂದ ದಿನ ಬಂಡಿ ಹೂಡಬೇಕು ಎಂದರೆ ಅವನು ಧಾರಾಳವಾಗಿ ಒಪ್ಪಿದ್ದ. ಸಾಹೇಬರು ಯಾವ ದಿನ ಬರುತ್ತಾರೆಂದು ಅವನು ಕೇಳಲಿಲ್ಲ, ಇವರು ಹೇಳಲಿಲ್ಲ.

ಸೋಮವಾರ ಬೆಳಗ್ಗೆ ಹೊಸ ಜುಬ್ಬ ತೊಟ್ಟು ಹೋಗಿ ನೋಡಿದರೆ ಕಲ್ಯಾಣಪ್ಪ ಎತ್ತುಗಳ ಮೈ ತೊಳೆದು, ಹಣೆಗೆ ವಿಭೂತಿ ಹಚ್ಚಿ, ಎದುರಿಗೆ ಕೈಮುಗಿದು ನಿಂತಿದ್ದ.

"ಲಗೂ ಹೂಡಪಾ. ಹನ್ನೊಂದಕ್ಕ ಸಾಹೇಬರು ಬರ್ತಾರ."

ಕಲ್ಯಾಣಪ್ಪ ಅವರನ್ನು ಮೇಲಿಂದ ಕೆಳಗೆ ನೋಡಿದ. "ಇವತ್ತ ಸೋಮವಾರ ಅದ ಅಯ್ನೋರ. ಬಸವಣ್ಣನ ಹೆಗಲಿಗೆ ನೊಗ ಇಡ್ತಾರೇನ್ರಿ? ನಾವು ತಪ್ಪಿದ್ರ ಬುದ್ಧಿ ಹೇಳಬೇಕಾದ ಮನೆತನ ನಿಮ್ಮದು."

ಮಡಿವಾಳಯ್ಯನವರು ಹಣೆ ಬಡಿದುಕೊಂಡರು. ಸೋಮವಾರ ಒಪ್ಪತ್ತು ಊಟ ಮಾಡುವ ಮನುಷ್ಯ. ಎತ್ತಿಗೂ ಅದೇ ವಾರ ಎಂಬುದು ತಕ್ಕಡಿ ಹಿಡಿದ ಕೈಗೆ ಮರೆತೇಹೋಗಿತ್ತು. ವಾರದ ಏಳು ದಿನಗಳಲ್ಲಿ ಎತ್ತು ಹೂಡಬಾರದ ಒಂದೇ ದಿನವನ್ನು ಹುಡುಕಿ ತೆಗೆದು ಠರಾವು ಮಾಡಿದ್ದರು. ಓಣಿ ಓಣಿ ತಿರುಗಿದರು. ಎಲ್ಲ ಕೊಟ್ಟಿಗೆಯಲ್ಲೂ ವಿಭೂತಿ, ಎಲ್ಲ ಬಾಯಲ್ಲೂ ಅದೇ ಉತ್ತರ. ಕೊನೆಗೆ ಅಮೀರ್ ಅಲಿಯ ಮನೆಗೆ ಓಡಿದರು. ಅಮೀರ್ ಅಲಿ ತನಗೇನೂ ಅಡ್ಡಿಯಿಲ್ಲ ಎಂದ. ಆದರೆ ಎತ್ತುಗಳನ್ನು ಕಲ್ಯಾಣಪ್ಪನಿಂದ ಕೊಂಡದ್ದು. ಸೋಮವಾರ ಬಂತೆಂದರೆ ಜಪ್ಪಯ್ಯ ಎಂದರೂ ಏಳುವುದಿಲ್ಲ. ಅನುಮಾನವಿದ್ದರೆ ಎಬ್ಬಿಸಿ ನೋಡಿ ಎಂದ. ಮಡಿವಾಳಯ್ಯನವರು ಅರ್ಧ ತಾಸು ಬಾಲ ತಿರುವಿದರು. ಎತ್ತುಗಳು ಮೆಲುಕು ಹಾಕುತ್ತ ಅವರನ್ನೇ ನೋಡಿದವು.

ಗಂಟೆ ಹತ್ತೂವರೆ. ವೇದಿಕೆ ಕೈತಪ್ಪುವ ಹೊತ್ತು. ಮನುಷ್ಯನಿಗೆ ಬುದ್ಧಿ ಬರುವುದೂ ಕೆಡುವುದೂ ಇಂಥ ಗಳಿಗೆಯಲ್ಲೇ. ಬಸವಣ್ಣನ ವಾರ ಎತ್ತಿಗೆ ತಾನೇ, ಎಮ್ಮೆಗೆಲ್ಲಿದೆ? ಸೂಗಮ್ಮ ಗುಡಿಗೆ ಹೋಗಿದ್ದ ಸಮಯ ನೋಡಿ ಅವಳ ಎರಡು ಹಾಲೆಮ್ಮೆಗಳನ್ನು ಬಿಚ್ಚಿ ತಂದರು. ನಾಲ್ಕು ಜನ ಹಿಡಿದು ಬಂಡಿಗೆ ಹೂಡಿದರು. ಬಂಡಿಯ ಮೇಲೆ ಆರು ಬ್ಯಾರಲ್, ಬ್ಯಾರಲ್‌ಗಳ ಮುಂದೆ ಬ್ಯಾನರ್, ಬ್ಯಾನರಿನ ಮುಂದೆ ಅಧ್ಯಕ್ಷರು.

ಆಶ್ಚರ್ಯವೆಂದರೆ ಎಮ್ಮೆಗಳು ಮಹಾರಾಣಿಯರಂತೆ ನಡೆದವು. ಭಾವಿಯ ದಾರಿಯಲ್ಲಿ ಜನ ನಿಂತು ನೋಡಿದರು, ಅಧ್ಯಕ್ಷರು ಕೈಬೀಸಿದರು. ಆದರೆ ಏಪ್ರಿಲ್ ತಿಂಗಳ ಹನ್ನೊಂದು ಗಂಟೆಗೆ ಆ ಎಮ್ಮೆಗಳು ದಿನಾಲೂ ಎಲ್ಲಿಗೆ ಹೋಗುತ್ತವೆ ಎಂಬುದು ಸೂಗಮ್ಮನಿಗೆ ಗೊತ್ತಿತ್ತು, ಎಮ್ಮೆಗಳಿಗೆ ಗೊತ್ತಿತ್ತು. ಹಾಲು ಮಾತ್ರ ಕುಡಿದು ಗೊತ್ತಿದ್ದ ಯಜಮಾನರಿಗೆ ಗೊತ್ತಿರಲಿಲ್ಲ. ಹಳೆಯ ಕಲ್ಲಿನ ಖಣಿಯ ತಿರುವು ಬಂದದ್ದೇ ತಡ, ಎರಡೂ ಒಂದೇ ಮನಸ್ಸಿನಿಂದ ಎಡಕ್ಕೆ ಹೊರಳಿದವು. ಹಗ್ಗ ಜಗ್ಗಿದರು, ಬೈದರು, ಸರ್ಕಾರದ ಹೆಸರು ಹೇಳಿದರು. ಬಂಡಿ, ಬ್ಯಾರಲ್, ಬ್ಯಾನರ್, ಅಧ್ಯಕ್ಷರು, ಎಲ್ಲ ಸೊಂಟಮಟ್ಟದ ಹಸಿರು ನೀರಿಗಿಳಿದರು. ಎಮ್ಮೆಗಳು ಮೂಗು ಮಾತ್ರ ಮೇಲಿಟ್ಟು ಕಣ್ಣು ಮುಚ್ಚಿದವು.

ಸಾಹೇಬರ ಜೀಪು ಬಂದು ದಂಡೆಯ ಮೇಲೆ ನಿಂತಿತು. ಮಡಿವಾಳಯ್ಯನವರು ನೀರಿನಲ್ಲೇ ನಿಂತು, ಒಂದು ಕೈಯಲ್ಲಿ ಹಗ್ಗ ಹಿಡಿದು, ಇನ್ನೊಂದು ಕೈಯಲ್ಲಿ ನಮಸ್ಕಾರ ಮಾಡಿದರು.

ಎಮ್ಮೆಗಳ ಕಣ್ಣಿ ಬಿಚ್ಚಿದರೂ ಬಂಡಿಯ ಗಾಲಿ ಕೆಸರಿನಲ್ಲಿ ಹೂತಿತ್ತು. ಎಳೆಯಲು ಪಂಚಾಯತಿಯ ಟ್ರ್ಯಾಕ್ಟರೇ ಬರಬೇಕಾಯಿತು. ಅದು ಜಾರಿ ತಾನೂ ಕೂತಿತು. ಅದನ್ನು ಎಳೆಯಲು ಅಮೀರ್ ಅಲಿಯ ಟ್ರ್ಯಾಕ್ಟರ್ ಬಂದು ಅದೂ ಹೂತಿತು. ಎರಡನ್ನೂ ಎಳೆಯಲು ಆಡಕಿ ಊರಿನ ದಾರಿಯಿಂದ ಜೆಸಿಬಿ ಬಂತು. ಸಂಜೆಯವರೆಗೆ ಖಣಿಯ ಮೇಲೆ ಕರಿ ಹೊಗೆ. ಇಡೀ ತಿಂಗಳ ಡೀಸೆಲ್ ಒಂದೇ ದಿನಕ್ಕೆ ಮುಗಿಯಿತು. ಅದೂ ಡೀಸೆಲ್ ಮುಕ್ತ ದಿನ.

ಸಾಹೇಬರು ಊರಿಗೆ ನೀರಿಲ್ಲದೆ ಜನ ಒದ್ದಾಡುತ್ತಿರಬೇಕೆಂದು ಗಾಬರಿಯಿಂದ ಓಣಿಗೆ ಹೋದರೆ, ಎಲ್ಲ ಮನೆಯ ಮುಂದೂ ಕೊಡ, ಹಂಡೆ, ಬಕೀಟು ತುಂಬಿ ನಿಂತಿದ್ದವು. ಯಾರು ತಂದರು ಎಂದು ಕೇಳಿದರು. ಓಣಿಯ ಹಸೀನಾಬೇಗಂ ಸೂಗಮ್ಮನತ್ತ ಕೈ ತೋರಿಸಿದಳು.

"ನಾನೇನ್ ಮಾಡಿಲ್ರಿ ಸಾಹೇಬರ," ಎಂದಳು ಸೂಗಮ್ಮ. "ಎತ್ತಿಗಿ ಸೋಮವಾರ ಸೂಟಿ ಇರ್ತದ, ಹಂಗ ಟ್ರ್ಯಾಕ್ಟರಿಗೂ ಸೂಟಿ ಅಂತ ತಿಳಕೊಂಡೆ. ಆಯ್ತವಾರನೇ ಎರಡು ಕೊಡ ಹೆಚ್ಚಿಗಿ ತುಂಬಿಡ್ರಿ ಅಂತ ಮನಿ ಮನಿಗೆ ಹೇಳಿ ಬಂದೆ. ಅಷ್ಟೇರಿ."

ಸಾಹೇಬರು ಅದನ್ನು ಡೈರಿಯಲ್ಲಿ ಬರೆದುಕೊಂಡರು. ಮುಂದಿನ ಸೋಮವಾರದಿಂದ ಊರು ಆ ಸೂಟಿಯನ್ನು ಚಾಚೂ ತಪ್ಪದೆ ಪಾಲಿಸಿತು; ಟ್ರ್ಯಾಕ್ಟರಿನ ಹಣೆಗೂ ಯಾರೋ ವಿಭೂತಿ ಹಚ್ಚಿದರು.

ತಿಂಗಳೊಪ್ಪತ್ತಿನಲ್ಲಿ ಸಮಾವೇಶದ ಕರೆ ಬಂತು, ಸೂಗಮ್ಮನ ಹೆಸರಿಗೆ. ಮಡಿವಾಳಯ್ಯನವರು ಎಷ್ಟು ಒಗೆದರೂ ಹಸಿರು ಬಿಡದ ಜುಬ್ಬ ತೊಟ್ಟು ಸಭಿಕರ ಮಧ್ಯೆ ಕೂತರು. ಹೊಟ್ಟೆಯಲ್ಲಿ ಕಿಚ್ಚು ಇತ್ತು; ಅವಳು ವೇದಿಕೆಯ ಮೇಲೆ ಕೂತದ್ದು ನೋಡಿ ಕಣ್ಣು ತುಂಬಿದ್ದೂ ನಿಜ. ಶಾಲು ಹೊದಿಸಿದ, ಹೊರಗಿನಿಂದ ಬಂದ ಮುಖ್ಯ ಅತಿಥಿಗಳು ಮೈಕಿನಲ್ಲಿ ಕೇಳಿದರು, "ತಮ್ಮ ಯಜಮಾನರು ಏನು ಮಾಡ್ಕೊಂಡಿದ್ದಾರಮ್ಮಾ?"

ಅಧ್ಯಕ್ಷರು ಎಂಬ ಮಾತು ಕೇಳಲು ಮಡಿವಾಳಯ್ಯನವರು ಎದೆ ಸೆಟೆಸಿ ಅರ್ಧ ಎದ್ದು ನಿಂತರು.

ಸೂಗಮ್ಮ ಸೆರಗು ಸರಿಪಡಿಸಿಕೊಂಡಳು. "ಈಗೀಗ ಎಮ್ಮಿ ಕಾಯೂದು ಕಲೀಲಿಕತ್ತಾರ್ರಿ."