ಎಮ್ಮೆಸ್ಸಿ ಕಿವಿಯ ಕೊಬ್ಬರಿ

ನನಗೆ ಸುಮ್ಮನೆ ಕೂರಲು ಬರುವುದಿಲ್ಲ. ಇದನ್ನು ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಭೌತಶಾಸ್ತ್ರದಲ್ಲಿ ಎಮ್ಮೆಸ್ಸಿ ಮುಗಿಸಿದ ಮೇಲಂತೂ ಈ ಚಡಪಡಿಕೆ ಇನ್ನೂ ಜಾಸ್ತಿಯಾಗಿದೆ. ಹಳೇಬೀಡಿನ ಹತ್ತಿರದ ಹುಲಿಕೆರೆ ನಮ್ಮೂರು. ಬೆಳಿಗ್ಗೆ ಅರಸೀಕೆರೆ ಬಸ್ಸು ಹತ್ತಿದರೆ ಕಂಡಕ್ಟರ್ ದಿನವೂ ಕೇಳುತ್ತಾನೆ, "ಏನ್ ಮೇಷ್ಟ್ರೇ, ಕಾಲೇಜಿಗಾ?" ನಾನೂ ದಿನವೂ "ಹೂಂ" ಅನ್ನುತ್ತೇನೆ. ಹೋಗುವುದು ಕೊಬ್ಬರಿ ಮಂಡಿಗೆ. ಸರ್ಕಾರಕ್ಕೆ ಇಷ್ಟು ದಿನವಾದರೂ ಆಗದ್ದನ್ನು ಆ ಪುಣ್ಯಾತ್ಮ ಒಂದು ಟಿಕೆಟ್ಟಿನಲ್ಲಿ ಮಾಡಿಬಿಟ್ಟಿದ್ದಾನೆ, ನನ್ನನ್ನು ಮೇಷ್ಟ್ರು!

ಮಂಡಿಯ ಯಜಮಾನರು ಬಸವಲಿಂಗಪ್ಪನವರು. ಕೆಲಸ ಕೇಳಲು ಹೋದಾಗ "ಏನ್ ಓದಿದೀಯಪ್ಪಾ?" ಅಂದರು. ಶಬ್ದದ ಅಲೆಗಳ ಮೇಲೆ ಪ್ರಾಜೆಕ್ಟ್ ಮಾಡಿದ್ದೇನೆ ಅಂದೆ. "ಹಂಗಾದ್ರೆ ಅಟ್ಟ ಹತ್ತು, ನಮ್ದೂ ಶಬ್ದದ್ದೇ ಕೆಲ್ಸ" ಅಂದರು. ಅವರು ತಮಾಷೆ ಮಾಡಿರಲಿಲ್ಲ. ಅಟ್ಟದ ಮೇಲೆ ತಿಂಗಳುಗಟ್ಟಲೆ ಒಣಗಿದ ತೆಂಗಿನಕಾಯನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಬೇಕು. ನೀರು ಇಂಗಿ, ಕೊಬ್ಬರಿ ಚಿಪ್ಪು ಬಿಟ್ಟಿದ್ದರೆ ಒಳಗೆ ಲೊಡಲೊಡ ಅನ್ನುತ್ತದೆ. ಆಗ ಒಡೆದರೆ ಇಡೀ ಉಂಡೆ, ಅವಸರಪಟ್ಟರೆ ಬೆಲೆ ಬಾರದ ಚೂರು. ನನ್ನನ್ನು ಮೂರು ತಿಂಗಳು ನೋಡಿ, ಇಟ್ಟುಕೊಳ್ಳುವುದೋ ಕಳಿಸುವುದೋ ಹೇಳುತ್ತೇನೆ ಅಂದಿದ್ದರು. ಕಳಿಸಿದರೆ ನಾನು ಹೋಗಬೇಕಾದದ್ದು ಮನೆಗೆ. ಅಲ್ಲಿ ಅಪ್ಪ ನೆಂಟರ ಮುಂದೆ "ಯಾವ್ದೋ ಪರೀಕ್ಷೆಗೆ ಓದ್ಕತಾವ್ನೆ" ಅನ್ನುವುದನ್ನು ಕೇಳಿಕೊಂಡು ಕಾಫಿ ಲೋಟ ಎತ್ತಬೇಕು. ಆ ಕೆಲಸದಲ್ಲಿ ನನಗೆ ಬೇಕಾದಷ್ಟು ಅನುಭವವಿದೆ.

ಅಟ್ಟದ ಮೇಲೆ ನನಗಿಂತ ಮೊದಲೇ ಇದ್ದವಳು ರಂಗಕ್ಕ. ಎರಡೂ ಕೈಯಲ್ಲಿ ಒಂದೊಂದು ಕಾಯಿ ಹಿಡಿದು, ಸೊಸೆಯ ಸಾರಿನ ಬಗ್ಗೆ ಮಾತಾಡುತ್ತಲೇ ಅಲ್ಲಾಡಿಸಿ, "ಇದು ಆಗೈತೆ, ಇದಿನ್ನೂ ಇಲ್ಲ" ಅನ್ನುವಳು. ಅವಳ ಮಾತು ತಪ್ಪಿದ್ದನ್ನು ನಾನು ಕಾಣೆ. ನನಗೋ ಎಲ್ಲ ಕಾಯಿಯೂ ಒಂದೇ ತರ ಕೇಳಿಸುತ್ತಿದ್ದವು. ಮೂರನೇ ತಿಂಗಳು ಮುಗಿಯುತ್ತಾ ಬಂತು. ತಡೆಯಲಾಗದೆ ಮೊಬೈಲಿಗೆ ಶಬ್ದದ ಗ್ರಾಫ್ ಬರೆಯುವ ಆ್ಯಪ್ ಹಾಕಿಕೊಂಡೆ, ವಿಡಿಯೋ ನೋಡಿ ನಾನೇ ಕಲಿತೆ, ಎಡಗಡೆ ರಾಶಿಯ ಒಂದಷ್ಟು ಕಾಯಿ ಅಲ್ಲಾಡಿಸಿ ಸರಾಸರಿ ತೆಗೆದೆ. ಸರಾಸರಿ ಪ್ರಕಾರ ಇಡೀ ರಾಶಿ ರೆಡಿ! ಓಡಿಹೋಗಿ ಯಜಮಾನರಿಗೆ ತೋರಿಸಿದೆ. ಅವರಿಗೆ ಗ್ರಾಫ್ ಅರ್ಥವಾಗಲಿಲ್ಲ, ಆದ್ದರಿಂದ ನಂಬಿದರು. ಸಾಲದ್ದಕ್ಕೆ ಅಂಗಡಿಗೆ ಹೊಸ ಬೋರ್ಡ್ ಬರೆಯಲು ಪೇಂಟರಿಗೂ ಹೇಳಿಬಿಟ್ಟರು.

ಮಾರನೆಯ ಬೆಳಿಗ್ಗೆ ಒಡೆಯಲು ಕೂತ ರಂಗಕ್ಕ ಕೇಳಿದಳು, "ಸರಾಸರಿ ಅಂದ್ರೇನ್ಲಾ?"

"ಎಲ್ಲಾ ಕಾಯಿ ಸದ್ದೂ ಕೂಡಿಸಿ, ಭಾಗಾಕಾರ ಮಾಡೋದು ಕಣಕ್ಕಾ."

"ಓಹೋ. ಆ ಸರಾಸರಿ ಕಾಯಿ ಯಾವ್ದು ತೋರ್ಸು, ಅದನ್ನೇ ಮೊದ್ಲು ಒಡೀತೀನಿ."

ಮೊದಲನೆಯದು ಇಡೀ ಉಂಡೆಯಾಗಿಯೇ ಬಂತು; ನಾನು ಎದೆಯುಬ್ಬಿಸಿದೆ. ಎರಡನೆಯದು ಚಿಪ್ಪಿಗೆ ಅಂಟಿಕೊಂಡು ನಾಲ್ಕು ಚೂರಾಯಿತು. ಮೂರನೆಯದರಿಂದ ನೀರು ಚಿಮ್ಮಿ ರಂಗಕ್ಕನ ಮುಖ ತೊಳೆಯಿತು. ಮಧ್ಯಾಹ್ನದ ಹೊತ್ತಿಗೆ ಚೂರಿನ ಗುಡ್ಡೆ ನನ್ನ ಮೊಣಕಾಲಿಗೆ ಬಂದಿತ್ತು. ಯಜಮಾನರು ಬಂದರು, ಒಂದು ಚೂರು ಬಾಯಿಗೆ ಹಾಕಿಕೊಂಡು ತುಂಬಾ ಹೊತ್ತು ಅಗಿದರು. ನಾನು ಊಟದ ಡಬ್ಬಿ ಬ್ಯಾಗಿಗೆ ತುರುಕಿದೆ.

"ಮೂರು ತಿಂಗ್ಳಾಯ್ತಲ್ವೇನೋ?"

"ಹೌದು ಯಜಮಾನ್ರೇ. ನಾನೇ ಹೊರಡ್ತೀನಿ."

"ಎಲ್ಲಿಗ್ ಹೊರಡ್ತೀಯ? ಹೊರಗ್ ಪೇಂಟರು ಬೋರ್ಡಿಗೆ ಮೊಳೆ ಹೊಡೀತಾವ್ನೆ ನೋಡು. ಇನ್ಮೇಲೆ ಕಾಯಿ ಸದ್ದು ರಂಗಕ್ಕ ಕೇಳ್ಲಿ. ನೀನು ಕಾಯಿ ಎತ್ಕೊಡು, ಕಲ್ತ್ಕೊ."

ಹೀಗೆ ನನ್ನ ಕೆಲಸ ಉಳಿಯಿತು. ಬುದ್ಧಿ ಉಳಿಸಿದ್ದಲ್ಲ, ಮೊಳೆ ಉಳಿಸಿದ್ದು. ಸಂಜೆ ಹೊರಡುವಾಗ ರಂಗಕ್ಕ ಬೋರ್ಡಿನ ಕೆಳಗೆ ನಿಂತಳು. ಅವಳಿಗೆ ಓದಲು ಬರುವುದಿಲ್ಲ.

"ಏನ್ ಬರ್ದವ್ರೆ? ಓದ್ಲಾ."

ಗಂಟಲು ಸರಿಮಾಡಿಕೊಂಡು ಓದಿದೆ: "ಎಮ್ಮೆಸ್ಸಿ ಪದವೀಧರರು ಕಿವಿಯಾರೆ ಪರೀಕ್ಷಿಸಿದ ಉಂಡೆ ಕೊಬ್ಬರಿ."

ರಂಗಕ್ಕ ಸೆರಗಿಗೆ ಕೈ ಒರೆಸಿಕೊಂಡು ಅದನ್ನೇ ನೋಡಿದಳು. "ಅಯ್ಯೋ ಶಿವನೇ, ಆ ಎಮ್ಮೆಸ್ಸೀನ ನಂಗ್ಯಾವಾಗ್ಲಾ ಕೊಟ್ರು?"

ಮರುದಿನ ಬಸ್ಸಿನಲ್ಲಿ ಕಂಡಕ್ಟರ್ ಎಂದಿನಂತೆ ಕೇಳಿದ, "ಕಾಲೇಜಿಗಾ?" "ಹೂಂ" ಅಂದೆ. ಮೊದಲ ಸಲ ಅದು ಪೂರ್ತಿ ಸುಳ್ಳಾಗಿರಲಿಲ್ಲ. ಅಟ್ಟದ ಮೇಲೆ ಮೇಷ್ಟ್ರು ಆಗಲೇ ಬಂದು ಕೂತಿದ್ದಳು, ಲೇಟಾಗಿದ್ದವನು ನಾನು.