ಅಕ್ಕನ ಸೀಟಿನಲ್ಲಿ ಅಕ್ಕಿಮೂಟೆ

ನಮ್ಮ ಭಾವನಿಗೆ ತಲೆ ಸರಿಯಿಲ್ಲ ಎಂಬುದು ವಡಾಲದ ನಮ್ಮ ಕಾಲನಿಯಲ್ಲಿ ಎಲ್ಲರಿಗೂ ಗೊತ್ತಿದ್ದ ಸಂಗತಿ. ಅನುಮಾನವಿದ್ದವರು ಅವರ ಕಾರಿನಲ್ಲಿ ಒಂದು ಸಲ ಕೂತರೆ ಸಾಕು, ಪರಿಹಾರವಾಗುತ್ತಿತ್ತು!

ಎರಡೇ ಸೀಟಿನ, ತಲೆಯ ಮೇಲೆ ಸೂರಿಲ್ಲದ ಹಳೆಯ ಇಂಗ್ಲಿಷ್ ಕಾರು ಅದು. ವಾರವಿಡೀ ಭಾವ ಜೋಗೇಶ್ವರಿಯ ಕಾರ್ಖಾನೆಯೊಂದರಲ್ಲಿ ಸಂಭಾವಿತ ಎಂಜಿನಿಯರ್. ಹಳೆಯ ವಿಮಾನಪಟ್ಟಿಯ ಮೇಲೆ ಹವ್ಯಾಸಿಗಳ ರೇಸ್ ಇದ್ದ ಭಾನುವಾರ ಮಾತ್ರ ಹೆಲ್ಮೆಟ್ ತೊಟ್ಟ ವೀರ. ಕೆಲಸ ಸಿಕ್ಕಿ ಮೈಸೂರಿನಿಂದ ಬಂದಿಳಿದ ನನ್ನನ್ನು ದಾದರ್ ಸ್ಟೇಷನ್ನಿನಿಂದ ಕರೆತಂದದ್ದು ಅದೇ ಕಾರಿನಲ್ಲಿ. ರೇಸಿಗೆಂದು ಅದರ ಶಾಕ್ ಅಬ್ಸಾರ್ಬರುಗಳನ್ನು ಎಷ್ಟು ಗಟ್ಟಿಯಾಗಿ ಇಟ್ಟಿದ್ದರೆಂದರೆ, ರಸ್ತೆಯಲ್ಲಿ ಬಿದ್ದ ಕಡಲೆಕಾಯಿ ಸಿಪ್ಪೆಯೂ ನನ್ನ ಬೆನ್ನಿಗೆ ಟೆಲಿಗ್ರಾಂ ಕಳಿಸುತ್ತಿತ್ತು. "ಭಾ-ವಾ, ಅ-ಕ್ಕ ಹೇ-ಗಿ-ದ್ದಾ-ಳೆ?" ಎಂದು ಕೇಳುವಷ್ಟರಲ್ಲಿ ಮಾತು ನುಚ್ಚುನೂರಾಗಿತ್ತು.

"ರಸ್ತೆ ಹೇಗಿದೆ ಅಂತ ಡ್ರೈವರಿಗೆ ಗೊತ್ತಾಗ್ಬೇಕಮ್ಮ!" ಎಂದರು ಭಾವ.

ನನಗೆ ಗೊತ್ತಾಗಿ ಏನು ಪ್ರಯೋಜನ?

ಅಕ್ಕ ಆ ಕಾರಿನಲ್ಲಿ ನಗುನಗುತ್ತಾ ತಿರುಗಿದವಳು. ಮದುವೆಯಾದ ಹೊಸತರಲ್ಲಿ ಬೊರಿವಲಿಯತನಕ ಹೋಗಿ ಬರುವಷ್ಟರಲ್ಲಿ ಕಿವಿಯ ಓಲೆಯೊಂದು ಉದುರಿ ಹೋಗಿತ್ತಂತೆ. "ಪುಣ್ಯಕ್ಕೆ ಕಿವಿ ಉಳೀತು!" ಎನ್ನುತ್ತಿದ್ದಳು.

ನಾನು ಬಂದ ಮರುವರ್ಷ ಅವಳ ಬೆನ್ನುಮೂಳೆಯಲ್ಲಿ ಗಡ್ಡೆ ಕಾಣಿಸಿತು. ಅದಕ್ಕೆ ರೇಡಿಯೇಷನ್ನಿನ ಕರೆಂಟು ಕೊಡಿಸಲು ಆಗಾಗ ಆಸ್ಪತ್ರೆಗೆ ಹೋಗಬೇಕು. ಮೊದಲ ಸಲ ಟ್ಯಾಕ್ಸಿಯಲ್ಲಿ ಹೋದೆವು. ಒಂದೊಂದು ಹೊಂಡಕ್ಕೂ ಅಕ್ಕ ಸೆರಗನ್ನು ಬಾಯಿಗೆ ತುರುಕಿಕೊಳ್ಳುತ್ತಿದ್ದಳು. ಮುಂದೆ ಕೂತಿದ್ದ ಭಾವ ಒಮ್ಮೆಯೂ ಹಿಂದಿರುಗಿ ನೋಡಲಿಲ್ಲ. ಮನೆಗೆ ಬಂದು ಅವಳನ್ನು ಮಲಗಿಸಿದವರೇ ಕೆಳಗಿಳಿದು ಹೋಗಿ ತಮ್ಮ ಕಾರಿನ ಪಕ್ಕ ನೆಲದ ಮೇಲೆ ಕೂತುಬಿಟ್ಟರು.

ಮರುದಿನ ನನ್ನನ್ನೂ ಎಳೆದುಕೊಂಡು ಗ್ಯಾರೇಜಿಗೆ ಹೋದರು. ಅದರ ಮಾಲೀಕ ವಿಜಾಪುರ ಕಡೆಯ ಸಾಬರು, ಭಾವನ ಹಳೆಯ ಗೆಳೆಯ. ಅವರಲ್ಲಿ ಎರಡು ಜೊತೆ ಶಾಕ್ ಅಬ್ಸಾರ್ಬರುಗಳಿದ್ದವು. ಒಂದು ಜೊತೆ ಹೊಚ್ಚಹೊಸದು, ರೇಸಿಗೆಂದೇ ಮಾಡಿದ್ದು. ಭಾವ ವರ್ಷದಿಂದ ಜಪಿಸುತ್ತಿದ್ದದ್ದು ಅದನ್ನೇ. ಇನ್ನೊಂದು, ಗುಜರಿಗೆ ಬಂದ ವಿದೇಶಿ ಕಾರಿನಿಂದ ಬಿಚ್ಚಿದ್ದು. ಅದಕ್ಕೊಂದು ತಿರುಪು, ಈಚೆ ತಿರುಗಿಸಿದರೆ ಗಟ್ಟಿ, ಆಚೆ ತಿರುಗಿಸಿದರೆ ಮೆತ್ತಗೆ.

ಭಾವ ಹೊಸದನ್ನು ಕೈಯಲ್ಲೆತ್ತಿ ನೋಡಿ ಕೆಳಗಿಟ್ಟರು. "ತಿರುಪಿಂದೇ ಹಾಕಿ."

"ಸಾಹೇಬ್ರ, ಹುಚ್ಚ ಹಿಡದೈತೇನ್ರಿ? ಹಳೇ ಮಾಲ್ ಅದು. ಪೂರಾ ಮೆತ್ತಗ ಮಾಡಿದ್ರಂತೂ ತಿರುವಿನ್ಯಾಗ ಗಾಡಿ ಹಡಗಿನಂಗ ವಾಲತೈತಿ!"

"ನನಗೆ ಹಡಗೇ ಬೇಕು."

"ರೇಸ್‌ಗ?"

"ಆಸ್ಪತ್ರೆಗೆ," ಎಂದರು ಭಾವ. ಸಾಬರು ಅಂಗಿಯ ತೋಳು ಮಡಿಚಿ ತಾವೇ ಕಾರಿನಡಿ ನುಗ್ಗಿದರು.

ಎಷ್ಟು ಮೆತ್ತಗೆ ಮಾಡಬೇಕು? ಕೂತವರ ತೂಕ ನೋಡಿ ತಿರುಪು ತಿರುಗಿಸಬೇಕಂತೆ. ಅಕ್ಕನನ್ನೇ ಕೂರಿಸಿ ಪ್ರಯೋಗ ಮಾಡಲಾದೀತೇ? ಊರಿನಿಂದ ಅಮ್ಮ ಹೇಗೋ ರೈಲಿಗೆ ಹಾಕಿ ಕಳಿಸಿದ್ದ ಅಕ್ಕಿಯನ್ನು ಅಕ್ಕನ ತೂಕಕ್ಕೆ ಸರಿಯಾಗಿ ಮೂಟೆ ಕಟ್ಟಿ, ಅಕ್ಕನ ಸೀಟಿನಲ್ಲಿ ಕೂರಿಸಿ, ಜಾರದಂತೆ ಹಗ್ಗ ಬಿಗಿದು ಹೊರಟರು! ಅಕ್ಕನ ಸೀಟಿನಲ್ಲಿ ಅಕ್ಕಿ! ಕಾಲನಿಯ ಬಾಲ್ಕನಿಗಳೆಲ್ಲ ತುಂಬಿಹೋದವು.

ಅದು ರೇಷನ್ನಿನ ಕಾಲ, ಮೂಟೆಗಟ್ಟಲೆ ಅಕ್ಕಿ ಸಾಗಿಸುವಂತಿರಲಿಲ್ಲ. ಸಯಾನ್ ಸರ್ಕಲ್ಲಿನಲ್ಲಿ ಪೊಲೀಸನೊಬ್ಬ ಸೀಟಿ ಊದಿದ. ಸ್ಪೋರ್ಟ್ಸ್ ಕಾರಿನಲ್ಲಿ ಕಾಳಸಂತೆಯ ಅಕ್ಕಿ ಸಾಗಿಸುವ ಧೈರ್ಯ ಯಾರಿಗಿದ್ದೀತು?

"ಹೇ ಕಾಯ್ ಆಹೆ?" ಏನಿದು ಎಂದು ಮೂಟೆಗೆ ಲಾಠಿಯಿಂದ ತಿವಿದ.

"ಮಾಝೀ ಬಾಯ್ಕೊ," ಎಂದರು ಭಾವ. ನನ್ನ ಹೆಂಡತಿ!

ಪೊಲೀಸ ಮೂಟೆಯನ್ನು ನೋಡಿದ, ಭಾವನನ್ನು ನೋಡಿದ. ಭಾವ ತಮ್ಮ ಹರಕು ಮರಾಠಿಯಲ್ಲಿ ಎಲ್ಲ ವಿವರಿಸಿದರು. ಕೊನೆಗೆ ಅವನು ಲಾಠಿಯನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು, ಎದುರಿನ ಲಾರಿಯನ್ನು ನಿಲ್ಲಿಸಿ ದಾರಿ ಬಿಡಿಸಿಕೊಟ್ಟನಂತೆ. ಇದನ್ನು ಕೇಳಿ ಅಕ್ಕ ನಗಲು ಹೋಗಿ, ನೋವಿಗೆ ಹಾಸಿಗೆಯ ಅಂಚನ್ನು ಹಿಡಿದುಕೊಂಡಳು. ಆದರೂ ನಕ್ಕಳು.

ತಿರುಪಿನ ಹದ ಕೂಡಿಬಂತು. ಅಕ್ಕ ಕಣ್ಣು ಮುಚ್ಚಿಕೊಂಡು ಆಸ್ಪತ್ರೆಗೆ ಹೋಗಿ ಬರುವಂತಾದಳು. ಆದರೂ ಭಾವ ಆಗಾಗ ಮೂಟೆಯನ್ನು ಕೂರಿಸಿಕೊಂಡು ಹೋಗುವುದನ್ನು ಬಿಡಲಿಲ್ಲ. ಒಂದು ಬೆಳಿಗ್ಗೆ ನೋಡಿದರೆ ಮೂಟೆಯ ಬಾಯಿ ಬಿಚ್ಚಿ ಪಾವಿನಿಂದ ಅಕ್ಕಿ ತೋಡಿ ಡಬ್ಬಕ್ಕೆ ಸುರಿಯುತ್ತಿದ್ದಾರೆ.

"ಯಾಕೆ ಭಾವ, ಅಡುಗೆಗೆ ಇನ್ನೂ ಅಕ್ಕಿ ಇದೆಯಲ್ಲ?"

"ನಿನ್ನೆ ಆಸ್ಪತ್ರೇಲಿ ಅವಳ ತೂಕ ನೋಡಿದ್ರು," ಎಂದರು, ತಲೆಯೆತ್ತದೆ.

ಆಮೇಲೂ ಅಕ್ಕಿ ತೆಗೆಯುತ್ತಲೇ ಇದ್ದರು. ಆ ಅಕ್ಕಿಯನ್ನೇ ನಾನು ದಿನವೂ ಬೇಯಿಸುತ್ತಿದ್ದೆ.

ಅಷ್ಟರಲ್ಲಿ ರೇಸ್ ಬಂತು. ಭಾವ ಹೋಗುವುದಿಲ್ಲವೆಂದರು. ಅಕ್ಕ ಬಿಡಲಿಲ್ಲ. "ರೀ, ಮನೇಲಿ ಕೂತು ನನ್ನ ಮುಖ ನೋಡ್ತಾ ನೋಡ್ತಾ ಅಳ್ತೀರಿ. ನಂಗೆ ಅದು ಬೇಡ. ಹೋಗೋಣ, ನಾನೂ ಬರ್ತೀನಿ."

ಅವಳನ್ನು ಕಾರಿನಲ್ಲಿ ಕರೆದೊಯ್ದು ನೆರಳಿನಲ್ಲಿ ಕುರ್ಚಿ ಹಾಕಿ ಕೂರಿಸಿದರು. ನಾನು ಬಸ್ಸಿನಲ್ಲಿ ಹೋಗಿ ಸೇರಿಕೊಂಡೆ. ಬಾವುಟ ಬಿತ್ತು. ಮೊದಲ ತಿರುವಿನಲ್ಲೇ ಭಾವನ ಕಾರು ಗಾಳಿಗೆ ಸಿಕ್ಕ ದೋಣಿಯಂತೆ ಒಂದು ಪಕ್ಕಕ್ಕೆ ವಾಲಿತು! ಜನ ಕೇಕೆ ಹಾಕಿದರು. ಎಲ್ಲರೂ ಮುಟ್ಟಿ, ಇಳಿದು, ಸೋಡಾ ಕುಡಿದು, ಬೆವರು ಒರೆಸಿಕೊಳ್ಳುವಾಗ ಭಾವ ಬಂದರು.

"ಪರವಾಗಿಲ್ಲ, ಕತ್ತಲಾಗೋದರೊಳಗೆ ಬಂದ್ರಲ್ಲ!" ಅಕ್ಕ ಛೇಡಿಸಿದಳು. "ಯಾಕ್ರೀ, ಗಟ್ಟಿ ಮಾಡ್ಕೊಳ್ಳೋಕೆ ಮರ್ತ್ರಾ?"

"ಮರೀಲಿಲ್ಲ," ಭಾವ ಹೆಲ್ಮೆಟ್ಟಿನ ಪಟ್ಟಿ ಬಿಚ್ಚುತ್ತಾ ಹೇಳಿದರು. "ಹಳೇ ತಿರುಪು. ಗಟ್ಟಿ ಮಾಡ್ಬಿಟ್ಟು, ಮನೆಗೆ ಹೋಗುವಾಗ ಮತ್ತೆ ಅದೇ ಹದ ಸಿಗದೇ ಹೋದ್ರೆ?"

ಅಕ್ಕನ ನಗು ನಿಂತಿತು. ಸೆರಗಿನಿಂದ ಅವರ ಹಣೆಯ ಧೂಳು ಒರೆಸಿದಳು. ಅಷ್ಟು ಜನರ ಮುಂದೆ ಅವಳು ಅವರನ್ನು ಮುಟ್ಟಿದ್ದನ್ನು ನಾನು ನೋಡಿದ್ದು ಅದೊಂದೇ ಸಲ.

ದೀಪಾವಳಿಗೆ ಮುಂಚೆ ಅಕ್ಕ ಹೋಗಿಬಿಟ್ಟಳು.

ಮುನಿಸಿಪಾಲಿಟಿಯ ಹೆಣದ ವ್ಯಾನು ಬಂತು. ಹೆಂಗಸರು ಸ್ಮಶಾನಕ್ಕೆ ಬರುವ ಪದ್ಧತಿಯಿಲ್ಲ ಎಂದರು ಯಾರೋ. ನಾನು ಕೇಳದೆ ಹತ್ತಿ ಕೂತೆ. ಭಾವ ಅಕ್ಕನ ತಲೆಯ ಬಳಿ, ಡ್ರೈವರನ ಬೆನ್ನಿನ ಕಿಟಕಿಗೆ ಒರಗಿ ಕೂತಿದ್ದರು. ಬೆಳಿಗ್ಗೆಯಿಂದ ಅತ್ತಿರಲಿಲ್ಲ. ವ್ಯಾನು ಕಾಲನಿಯ ಗೇಟು ದಾಟಿ ಬಡಬಡನೆ ಓಡತೊಡಗಿತು.

"ಭಾಯಿ," ಭಾವ ಕಿಟಕಿಯಲ್ಲಿ ಬಾಯಿಟ್ಟು ಮೆಲ್ಲನೆ ಹೇಳಿದರು, "ಜರಾ ಧೀರೇ. ಆಗೇ ಖಡ್ಡಾ ಹೈ."

ಡ್ರೈವರ್ ಕನ್ನಡಿಯಲ್ಲಿ ಅವರ ಮುಖ ನೋಡಿದ. ಗೇರು ಇಳಿಸಿದ. ವ್ಯಾನು ಮುಂದಿದ್ದ ಹೊಂಡಕ್ಕೆ ಒಂದು ಚಕ್ರ ಇಳಿಸಿ, ನಿಂತು, ಇನ್ನೊಂದು ಚಕ್ರ ಇಳಿಸಿ, ಮೆಲ್ಲಗೆ ಮೇಲೆ ಬಂತು. ಹಿಂದೆ ಹಾರ್ನುಗಳು ಒಂದೇ ಸಮನೆ ಕೂಗುತ್ತಿದ್ದವು. ಭಾವ ಎರಡೂ ಕೈಯಿಂದ ಅಕ್ಕನ ಭುಜಗಳನ್ನು ಒತ್ತಿ ಹಿಡಿದಿದ್ದರು.

ಅಕ್ಕ ಒಂದಿಷ್ಟೂ ಅಲುಗಲಿಲ್ಲ.