ಅಪ್ಪ ಪೈಸಾ ಕೊಡುವುದಿಲ್ಲ ಎಂಬ ಪ್ರಮಾಣಪತ್ರ

ಯಾರ ಹಂಗೂ ಇಲ್ಲದೆ ಬದುಕುತ್ತಿದ್ದೇನೆ ಎಂದು ಜಂಬ ಕೊಚ್ಚುವುದು ಸುಲಭ. ಅದನ್ನು ರುಜುವಾತು ಮಾಡಿ ಎಂದು ಯಾರಾದರೂ ಕೇಳಿದಾಗಲೇ ಗೊತ್ತಾಗುವುದು, ನಮ್ಮ ಮೇಲೆ ಹಂಗು ಹೊರಿಸಲು ಎಷ್ಟು ಜನ ತುದಿಗಾಲಲ್ಲಿ ನಿಂತಿದ್ದಾರೆಂದು. ನಾನು ನರ್ಸ್. ಬೀದರದ ಒಂದು ಆಸ್ಪತ್ರೆಯಲ್ಲಿ ವರ್ಷಗಟ್ಟಲೆ ದುಡಿದು, ನೌಬಾದದಲ್ಲಿ ಬಾಡಿಗೆ ಕೋಣೆ ಹಿಡಿದು, ನನ್ನ ಅನ್ನ ನಾನೇ ಬೇಯಿಸಿಕೊಂಡು, ಅದನ್ನೂ ಮುಕ್ಕಾಲು ಪಾಲು ಸಲ ತಳ ಹಿಡಿಸಿ, ಐರ್ಲೆಂಡಿನ ಕಾಲೇಜೊಂದರಲ್ಲಿ ಎಂ.ಎಸ್ಸಿ. ಸೀಟು ಗಿಟ್ಟಿಸಿದ್ದೆ. ನನ್ನ ಉಳಿತಾಯ ಅರ್ಧ ಫೀಗೆ ಸಾಕಾಗುತ್ತಿತ್ತು. ಉಳಿದರ್ಧವನ್ನು ಮಾಫಿ ಮಾಡುವ ಯೋಜನೆಯೊಂದು ಆ ಕಾಲೇಜಿನಲ್ಲೇ ಇತ್ತು. ಆದರೆ ಅದು ಮನೆಯವರ ನೆರವಿಲ್ಲದೆ ಓದಲು ಬರುವ ಪರದೇಶದವರಿಗೆ ಮಾತ್ರ. ಇದನ್ನು ನನಗೆಂದೇ ಮಾಡಿದ್ದಾರೆ ಎಂದು ಹಿಗ್ಗಿದೆ. ಅವರು ಕೇಳಿದ್ದು ಇಷ್ಟೇ: ‘ಮಗಳಿಗೆ ನಾನು ಒಂದು ಪೈಸಾ ಕೊಡುತ್ತಿಲ್ಲ, ಮುಂದೂ ಕೊಡುವುದಿಲ್ಲ’ ಎಂದು ಅಪ್ಪನ ಅಫಿಡವಿಟ್ಟು.

ಅಪ್ಪ ನಿವೃತ್ತ ಹೆಡ್‌ಮಾಸ್ತರರು. ಸುಳ್ಳು ಹೇಳಿದವರಲ್ಲ, ನಾನು ನೌಕರಿಗೆ ಸೇರಿದ ಮೇಲೆ ನನಗೆ ನಿಜಕ್ಕೂ ಪೈಸಾ ಕೊಟ್ಟವರೂ ಅಲ್ಲ. ಸಹಿ ಸಲೀಸಾಗಿ ಸಿಗುತ್ತದೆಂದು ಮೈಲೂರಿನ ಮನೆಗೆ ಹೋದೆ. ಅಪ್ಪ ಕನ್ನಡಕ ಒರೆಸಿಕೊಂಡು ಓದಿ, ಹಾಳೆಯನ್ನು ಬೋರಲು ಹಾಕಿದರು.

“ಇದೇನವ್ವ ಸುನೀತಾ? ನಾ ಸತ್ತೀನೇನು?”

“ಖರೆ ಇದ್ದದ್ದೇ ಬರದೀನಪ್ಪ. ನೀವು ನನಗ ರೊಕ್ಕ ಕೊಡ್ತೀರೇನು?”

“ನೀ ಕೇಳಿಲ್ಲ, ಅದಕ್ಕ ಕೊಟ್ಟಿಲ್ಲ. ಕೊಡಂಗಿಲ್ಲ ಅಂತ ಬರದ್ರ ನನ್ನ ಇಜ್ಜತ್ ಏನಾಗ್ತದ?”

ಕೊನೆಗೆ ತಾವೇ ಹೊಸದೊಂದು ಪತ್ರ ಬರೆದರು. ಪ್ರೀತಿ, ಪ್ರಾರ್ಥನೆ, ಪಿಂಚಣಿ ಮೂರನ್ನೂ ಕೊನೆಯುಸಿರಿನವರೆಗೆ ಮಗಳಿಗೆ ಧಾರೆಯೆರೆಯುವುದಾಗಿ ಅಚ್ಚ ಇಂಗ್ಲಿಷಿನಲ್ಲಿ ಬರೆದಿದ್ದರು. ಅದನ್ನು ಕಳಿಸಿದ್ದರೆ ಮಾಫಿ ಹಾಳಾಗಲಿ, ಕಾಲೇಜಿನವರು ಹೊಸ ಕಟ್ಟಡಕ್ಕೆ ನಮ್ಮಿಂದಲೇ ದೇಣಿಗೆ ಕೇಳುತ್ತಿದ್ದರು.

ಅಷ್ಟರಲ್ಲಿ ಸುದ್ದಿ ಭಾಲ್ಕಿಗೆ ಮುಟ್ಟಿತು. ಮುಟ್ಟುವ ಹೊತ್ತಿಗೆ ಅದು ‘ಮಾಸ್ತರರು ಮಗಳನ್ನು ಹೊರಗೆ ಹಾಕಿದರು’ ಎಂದಾಗಿತ್ತು. ಅಪ್ಪನ ಅಕ್ಕ, ಭಾಲ್ಕಿಯ ನಮ್ಮ ಅತ್ತೆ, ಮೊದಲ ಬಸ್ಸಿಗೇ ಬಂದಿಳಿದು ತಮ್ಮನಿಗೆ ಮನಸಾರೆ ಬೈದು, ಕೈಯ ಬಂಗಾರದ ಬಳೆ ಬಿಚ್ಚಿ ನನ್ನ ಮಡಿಲಿಗೆ ಹಾಕಿದರು.

“ನಿನಗ ಯಾರಿಲ್ಲಂತ ಯಾರಂದ್ರು? ನಾ ಅದೀನಿ!”

“ಅತ್ತಿ, ಯಾರಿಲ್ಲಂತನೇ ಬೇಕಾಗ್ಯದ,” ಎಂದು ನಾನು ಅಂಗಲಾಚಿದೆ.

“ಮೊದಲ ಊಟಾ ಮಾಡ್ರಿ. ಯಾರಿಲ್ಲಂತ ಆಮ್ಯಾಲ ಬರಕೊಳ್ರಿ,” ಎಂದು ಅವ್ವ ಅಡುಗೆಮನೆಯಿಂದ ಕೂಗಿದಳು.

ಬಳೆ ಹಿಂದಿರುಗಿಸಲು ನನಗೆ ಅರ್ಧ ದಿನ ಹಿಡಿಯಿತು. ಭಾನುವಾರ ಚರ್ಚಿನಲ್ಲಿ ತಂದೆ ಮಗಳು ಒಂದಾಗಲೆಂದು ಯಾರೋ ಪ್ರಾರ್ಥನೆ ಮಾಡಿಸಿದರು. ಆಗ ನಾವಿಬ್ಬರೂ ಒಂದೇ ಬೆಂಚಿನಲ್ಲಿ, ಒಂದೇ ಹಾಡಿನ ಪುಸ್ತಕ ಹಿಡಿದು ಕೂತಿದ್ದೆವು. ಅಪ್ಪ ಎಲ್ಲರಿಗಿಂತ ಜೋರಾಗಿ ಆಮೆನ್ ಎಂದರು.

ಕೊನೆಯ ತಾರೀಖು ಹತ್ತಿರ ಬಂತು. ನನ್ನ ನಿದ್ದೆ ಹಾರಿಹೋಯಿತು. ಈ ವರ್ಷ ಸೀಟು ಬಿಟ್ಟರೆ ಮತ್ತೆ ಸಿಗುವ ಭರವಸೆ ಇರಲಿಲ್ಲ. ನನ್ನ ಮುಖ ನೋಡಲಾರದೆ ಅಪ್ಪ ಒಪ್ಪಿದರು, ಒಂದು ಷರತ್ತಿನ ಮೇಲೆ: ಮಗಳು ಎಂಬಲ್ಲಿ ‘ಪ್ರೀತಿಯ ಮಗಳು’ ಎಂದಿರಬೇಕು. ಹೀಗೆ ‘ನನ್ನ ಪ್ರೀತಿಯ ಮಗಳಿಗೆ ಒಂದು ಪೈಸಾ ಕೊಡುವುದಿಲ್ಲ’ ಎಂಬ ಅಪರೂಪದ ವಾಕ್ಯ ಹಿಡಿದು ಕೋರ್ಟಿನ ಬಳಿಯ ನೋಟರಿ ವಕೀಲರಲ್ಲಿಗೆ ಹೋದೆವು. ಔರಾದ ಕಡೆಯ ಹಿರಿಯರು. ಓದುತ್ತಲೇ ಮೊಹರು ಒತ್ತುವ ಶಿಕ್ಕೆಯನ್ನು ಡ್ರಾಯರಿನೊಳಗೆ ಸೇರಿಸಿದರು.

“ಮಾಸ್ತರೇ, ಹುಡುಗಿ ಏನ್ ತಪ್ಪ ಮಾಡ್ಯಾಳ್ರಿ?”

“ತಪ್ಪೇನಿಲ್ಲರಿ. ಭಾಳ ಶಾಣ್ಯಾಕಿ.”

“ಹಂಗಾದ್ರ ಯಾಕ ಬಿಡ್ಲತ್ತೀರಿ?”

“ಬಿಟ್ಟಿಲ್ಲರಿ. ರೊಕ್ಕ ಅಷ್ಟೇ ಕೊಡಂಗಿಲ್ಲ.”

ವಕೀಲರು ನನ್ನ ಕಡೆ ತಿರುಗಿದರು. “ತಂಗಿ, ಅಪ್ಪನ ಕಾಲಿಗಿ ಬೀಳು. ಎಲ್ಲಾ ಸರಿ ಆಗ್ತದ.”

ಬೇಗ ಕೆಲಸವಾಗಲೆಂದು ಬಿದ್ದೆ. ಅದೇ ತಪ್ಪಾಯಿತು. ಅಪ್ಪನಿಗೆ ಏನನ್ನಿಸಿತೋ, ನನ್ನನ್ನು ಎತ್ತಿ ತಬ್ಬಿಕೊಂಡು ಅಳತೊಡಗಿದರು. ನನಗೂ ತಡೆಯಲಾಗಲಿಲ್ಲ. ವಕೀಲರು ಕಣ್ಣೊರೆಸಿಕೊಂಡು, ಚಹಾ ತರಿಸಿ, ಅಫಿಡವಿಟ್ಟನ್ನು ಹರಿಯಲು ಕೈ ಹಾಕಿದರು. “ಇನ್ನ ಇದರ ಜರೂರತ್ತೇ ಇಲ್ಲ!” ನಾನು ಹಾರಿ ಹಾಳೆ ಕಸಿದುಕೊಂಡೆ. ಐರ್ಲೆಂಡಿನಿಂದ ಹಿಡಿದು ಎಲ್ಲವನ್ನೂ ವಿವರಿಸಬೇಕಾಯಿತು. ಎರಡನೆಯ ಚಹಾ ಮುಗಿಯುವಾಗ ಅವರು ಶಿಕ್ಕೆ ಒತ್ತಿ, “ಮನಿ ಮುರಿಯೋ ಕೆಲಸ ನನ್ನ ಕೈಲೆ ಮಾಡಿಸಿದ್ರಿ,” ಎಂದು ನಿಟ್ಟುಸಿರು ಬಿಟ್ಟರು.

ಮಾಫಿ ಮಂಜೂರಾಯಿತು. ಅರ್ಧ ಫೀ ಕಟ್ಟಿದೆ, ವಿಮಾನದ ಟಿಕೆಟ್ ತೆಗೆದೆ, ದಪ್ಪ ಕೋಟು ಕೊಂಡೆ. ಹೊರಡುವ ದಿನ ನೋಡಿದರೆ ಹೈದರಾಬಾದಿನ ವಿಮಾನ ನಿಲ್ದಾಣಕ್ಕೆ ಟ್ಯಾಕ್ಸಿ ಮಾಡುವಷ್ಟು ಹಣ ಕೈಯಲ್ಲಿರಲಿಲ್ಲ. ನೌಕರಿಗೆ ಸೇರಿದ ಮೇಲೆ ಮೊದಲ ಸಲ ಅಪ್ಪನ ಮುಂದೆ ಕೈಚಾಚಿದೆ.

ಅಪ್ಪ ನಿಜವಾಗಿಯೂ ಸಂಕಟಪಟ್ಟರು.

“ಹ್ಯಾಂಗ ಕೊಡಲವ್ವ? ಕೊಡಂಗಿಲ್ಲಂತ ಪ್ರಮಾಣ ಮಾಡಿ ಸಹಿ ಹಾಕೀನಿ. ಈಗ ಕೊಟ್ರ ಸುಳ್ಳ ಸಾಕ್ಷಿ ಆಗ್ತದ.”

ಬಸ್ಸಿನಲ್ಲೇ ಹೊರಟೆವು. ಬೀಳ್ಕೊಡಲು ಬಂದ ಅಪ್ಪ ಮಡಿಲಲ್ಲಿ ನನ್ನ ಪೆಟ್ಟಿಗೆ ಇಟ್ಟುಕೊಂಡು ದಾರಿಯುದ್ದಕ್ಕೂ ಪಕ್ಕದವರಿಗೆಲ್ಲ ಹೇಳಿದರು: “ನಮ್ಮ ಮಗಳು. ನಾವು ಒಂದು ಪೈಸಾ ಕೊಟ್ಟಿಲ್ಲ ನೋಡ್ರಿ!” ಇದೇ ಮಾತನ್ನು ಅವರ ಬಾಯಲ್ಲಿ ಹೇಳಿಸಲು ಊರೆಲ್ಲ ಅಲೆದವಳು ನಾನು. ಈಗ ಮುಖ ಊದಿಸಿಕೊಂಡು ಕಿಟಕಿಯಾಚೆ ನೋಡುತ್ತ ಕೂತಿದ್ದೆ. ಕಂಡಕ್ಟರ್ ಬಂದಾಗ ಅಪ್ಪ ನನ್ನ ಕಡೆ ಬೆರಳು ತೋರಿಸಿದರು. ಇಬ್ಬರ ಟಿಕೆಟ್ಟನ್ನೂ ನಾನೇ ತೆಗೆದೆ.